ಮೌನೇಶನ ಹೆಸರಿನ ಎರಡು ಎಕರೆ

ಬದರಿನಾಥರು ಮೌನೇಶನನ್ನು ಮೊದಲ ಸಲ ಮಾತಾಡಿಸಿದ್ದು ಬಿಟಿಎಂ ಲೇಔಟಿನ ಒಂದು ಆಫೀಸಿನ ಗೇಟಿನಲ್ಲಿ. ಮೌನೇಶ ಅಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದ. ಕಾರಿನಿಂದ ಇಳಿದವರು ಯಾವೂರಪ್ಪಾ ನಿಂದು ಅಂದರಂತೆ. ರೋಣದ ಹತ್ತಿರದ ಹಳ್ಳಿ ಅಂದನಂತೆ. ಊರಲ್ಲಿ ಜಮೀನು ಇದೆಯಾ, ನಿನ್ನ ಹೆಸರಲ್ಲೇ ಇದೆಯಾ ಅಂತ ಕೇಳಿದರಂತೆ. ಮೂರು ಎಕರೆ ಎರೆಹೊಲ ಇದೆ, ಅಪ್ಪ ತೀರಿಕೊಂಡ ಮೇಲೆ ನನ್ನ ಹೆಸರಿಗೇ ಆಗಿದೆ, ತಮ್ಮ ಉಳುತ್ತಾನೆ ಅಂದನಂತೆ. ಅವರು ತಲೆಯಾಡಿಸಿ ಒಳಗೆ ಹೋದರಂತೆ.

ಮನೆಗೆ ಬಂದು ಮೌನೇಶ ಇದನ್ನು ಹೇಳುತ್ತಿದ್ದಾಗ ಅವನ ಹೆಂಡತಿ ದಾನಮ್ಮ ರೊಟ್ಟಿ ತಟ್ಟುವ ಕೈ ನಿಲ್ಲಿಸಿದಳು.

"ಉಳಿದ ವಾಚ್‌ಮನ್ನರನ್ನೂ ಕೇಳಿದ್ರೇನು?"

"ಕೇಳಿದ್ರಂತ. ಅವರ್ಯಾರಿಗೂ ಹೊಲ ಇಲ್ಲ."

"ಕಾರಿನಾಗ ಓಡಾಡೋರಿಗೆ ವಾಚ್‌ಮನ್ನನ ಹೊಲದ ಉಸಾಬರಿ ಯಾಕ?"

ಮೌನೇಶ ನಕ್ಕ. ಹೆಂಡತಿಯ ಸ್ವಭಾವ ಅವನಿಗೆ ಗೊತ್ತಿತ್ತು. ತರಕಾರಿಯವನು ಒಂದು ಮೆಣಸಿನಕಾಯಿ ಹೆಚ್ಚಿಗೆ ಹಾಕಿದರೂ ತಕ್ಕಡಿಯ ಅಡಿಗೆ ಬಗ್ಗಿ ನೋಡುವ ಹೆಂಗಸು ಅವಳು. ಏಳನೇ ಇಯತ್ತೆವರೆಗೆ ಓದಿದ್ದಳು. ಅಂಗಡಿಯಿಂದ ಸಾಮಾನು ಕಟ್ಟಿಕೊಟ್ಟ ಕಾಗದವನ್ನೂ ಬಿಚ್ಚಿ ಓದಿಯೇ ಒಲೆಗೆ ಹಾಕುತ್ತಿದ್ದಳು.

ವಾರ ಕಳೆಯುವುದರೊಳಗೆ ಬದರಿನಾಥರು ಮತ್ತೆ ಬಂದು ಕೆಲಸದ ಮಾತು ಎತ್ತಿದರು. ಅವರದು ಜಯನಗರದಲ್ಲಿ ಮನೆ, ಯಂತ್ರದ ಬಿಡಿಭಾಗ ಮಾಡುವ ಸ್ವಂತ ವರ್ಕ್‌ಶಾಪು. ಕೋಣನಕುಂಟೆ ದಾಟಿ ಒಂದಷ್ಟು ಒಳಗೆ ಹೋದರೆ ಸಿಗುವ ಹಳ್ಳಿಯೊಂದರಲ್ಲಿ ಎರಡು ಎಕರೆ ಮಾತಾಡಿದ್ದರು. ಫಾರ್ಮ್ ಹೌಸ್ ಮಾಡುವ ಆಸೆ. ನೋಡಿಕೊಳ್ಳಲು ಬೇಸಾಯ ಗೊತ್ತಿರುವ ಸಂಸಾರಸ್ಥ ಬೇಕು, ಇರಲು ಕೋಣೆ ಕೊಡುತ್ತೇನೆ, ಸಂಬಳವೂ ಇಲ್ಲಿಗಿಂತ ಹೆಚ್ಚು ಅಂದರು. ಹೊಲದ ವಿಚಾರ ಯಾಕೆ ಕೇಳಿದರು ಎಂಬುದಕ್ಕೆ ಉತ್ತರ ಸಿಕ್ಕಿತು ಅಂತ ಮೌನೇಶ ಅಂದ. ಬಿಟಿಎಮ್ಮಿನಲ್ಲಿ ಈ ಸಂಸಾರವಿದ್ದ ಒಂದೇ ಕೋಣೆಯ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ ಮೂಗಿಗೆ ತಾಗುತ್ತಿತ್ತು. ಆಕಾಶ ನೋಡಿ ವರ್ಷವಾಗಿದ್ದ ದಾನಮ್ಮನೂ ಹೂಂ ಅಂದಳು. ಅದು ತೊಂಬತ್ತೆಂಟನೇ ಇಸವಿ. ಮಗಳು ಅನ್ನಪೂರ್ಣಳಿಗೆ ಆರು ವರ್ಷ.

ಹಳ್ಳಿ ಆಗಿನ್ನೂ ಹಳ್ಳಿಯೇ. ಕನಕಪುರ ರಸ್ತೆಯಲ್ಲಿ ಬಸ್ಸಿಳಿದು ಮಣ್ಣುದಾರಿ ಹಿಡಿದರೆ ಎರಡು ಕಡೆಯೂ ರಾಗಿ, ಅವರೆ, ಕನಕಾಂಬರ. ಆದರೆ ನಾಲ್ಕು ಹೊಲಕ್ಕೊಂದರಂತೆ ಕಲ್ಲುಕಂಬ ನೆಟ್ಟು ತಂತಿ ಬಿಗಿದಿದ್ದರು. ಹಿಂದೆ ಮನೆಯೇ ಇಲ್ಲದ ದೊಡ್ಡ ದೊಡ್ಡ ಗೇಟುಗಳು ನಿಂತಿದ್ದವು. ಭಾನುವಾರ ಬಂತೆಂದರೆ ಬನಶಂಕರಿ, ಜೆಪಿ ನಗರದ ಕಡೆಯಿಂದ ಕಾರುಗಳು ಬಂದು ಆ ಗೇಟಿನೊಳಗೆ ನುಗ್ಗುತ್ತಿದ್ದವು. ಮಡಚುವ ಕುರ್ಚಿ ಹಾಕಿಕೊಂಡು ಮನೆಯಿಂದ ತಂದ ಚಿತ್ರಾನ್ನ ತಿಂದು, ಮಣ್ಣಿನ ವಾಸನೆ ಎಷ್ಟು ಚೆನ್ನಾಗಿದೆ ಅಂತ ಹೇಳಿ, ಕತ್ತಲಾಗುವ ಮುಂಚೆ ಹೊರಟುಹೋಗುತ್ತಿದ್ದರು.

ಬೇಸಾಯ ಬಲ್ಲವನು ಬೇಕು ಅಂದಿದ್ದ ಬದರಿನಾಥರು ಬೇಸಾಯವನ್ನೇನೂ ಹೇಳಲಿಲ್ಲ. ಮಾವಿನ ಸಸಿ ಹಾಕಿಸಿದರು, ಉಳಿದ ಕಡೆಯೆಲ್ಲ ಹುಲ್ಲುಹಾಸು ಎಬ್ಬಿಸು ಅಂದರು. ಹುಲ್ಲಿಗೆ ನೀರು ಹಾಕಿ ಬೆಳೆಸಬೇಕು, ಬೆಳೆದದ್ದನ್ನು ಕತ್ತರಿಸಿ ಬಿಸಾಕಬೇಕು, ಮತ್ತೆ ನೀರು ಹಾಕಬೇಕು.

"ದನಾ ಇಲ್ಲ, ಕರಾ ಇಲ್ಲ. ಈ ಹುಲ್ಲು ಯಾರಿಗೆ?" ಅಂದಳು ದಾನಮ್ಮ. "ಇದಕ್ಕ ಒಕ್ಕಲಿಗನೇ ಆಗಬೇಕಾಗಿತ್ತೇನು?"

ಎರಡನೇ ತಿಂಗಳಲ್ಲಿ ಬದರಿನಾಥರು ಮೌನೇಶನಿಗೆ ಹೊಸ ಅಂಗಿ ಪ್ಯಾಂಟು ತಂದುಕೊಟ್ಟು, ತೊಡಿಸಿ, ಕಾರಿನ ಮುಂದಿನ ಸೀಟಿನಲ್ಲೇ ಕೂರಿಸಿಕೊಂಡು ರಿಜಿಸ್ಟರ್ ಆಫೀಸಿಗೆ ಹೋದರು. ಸಾಕ್ಷಿ ಹಾಕಲು ಕರೆದೊಯ್ದರು ಅಂತ ಬಂದು ಹೇಳಿದ. ಅದಕ್ಕೂ ಹದಿನೈದು ದಿನ ಮೊದಲು ಊರಿನಿಂದ ಅವನ ತಮ್ಮ ಅಂಚೆಯಲ್ಲಿ ಒಂದು ಲಕೋಟೆ ಕಳಿಸಿದ್ದ. ಮೌನೇಶ ಅದನ್ನು ಒಡೆಯದೆ ಅಂಗಿಯೊಳಗೆ ಸೇರಿಸಿದ್ದನ್ನು ದಾನಮ್ಮ ನೋಡಿದ್ದಳು. ಸಾಕ್ಷಿ ಹಾಕಲು ಹೊಸ ಬಟ್ಟೆ ಯಾಕೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಗಂಡ ಮಗಳ ಬಾಯಿಗೆ ಮೈಸೂರುಪಾಕು ಇಡುತ್ತಿದ್ದ. ಅವಳು ಕೇಳಲಿಲ್ಲ.

ಆ ಜಮೀನು ಮಾರಿದವನು ಬೈರಣ್ಣ. ಪಕ್ಕದಲ್ಲೇ ಅವನ ಇನ್ನೊಂದು ಎಕರೆ ಉಳಿದಿತ್ತು. ಅವನ ಹೆಂಡತಿ ಗೌರಮ್ಮ ದಿನವೂ ಅಲ್ಲಿಗೆ ಬರುವವಳು, ಗಟ್ಟಿ ಆಳು, ಊರಿಗೆಲ್ಲ ಕೇಳುವಂಥ ಗಂಟಲು. ಎಲ್ಲರನ್ನೂ ಏನೇ, ಬಾರೇ ಅಂತ ಮಾತಾಡಿಸುವ ಗೌರಮ್ಮ ದಾನಮ್ಮನ ಹತ್ತಿರ ಮಾತ್ರ 'ನೀವು' ಅನ್ನುತ್ತಿದ್ದಳು.

"ನೀವೇ ಸೊಪ್ಪು ಕೀಳ್ತಿದೀರಾ? ಆಳು ಇಡ್ಬಾರ್ದಾ?"

"ನಾವಽ ಆಳು, ನಮಗ್ಯಾವ ಆಳ್ರೀ ಅಕ್ಕಾ."

"ಅಂಗನ್ನಿ, ಅಂಗನ್ನಿ," ಅಂತ ಗೌರಮ್ಮ ಬದುವಿನ ಮೇಲಿದ್ದ ಇನ್ನೊಬ್ಬಳ ಮುಖ ನೋಡುತ್ತಿದ್ದಳು. ಕರೆದರೆ ಒಳಗೆ ಬರುತ್ತಿರಲಿಲ್ಲ. ಚಹಾ ಕೊಟ್ಟರೆ ಹೊಟ್ಟೆ ತುಂಬಿದೆ ಅನ್ನುವಳು. ಅಂಗಡಿಗೆ ಹೋದರೆ ಅಲ್ಲಿದ್ದವರು ಮಾತು ನಿಲ್ಲಿಸುತ್ತಿದ್ದರು. ಒಬ್ಬ ಮುದುಕ ಎದ್ದು ನಿಂತು, 'ಒಡತಿಯೋರು ಕೂತ್ಕಳಿ' ಅಂತ ಕಲ್ಲುಬೆಂಚು ತೋರಿಸಿದ. ಪರಸ್ಥಳದ ಬಡವರನ್ನು ಹೀಗೆ ಆಡಿಕೊಳ್ಳುವುದು ಈ ಸೀಮೆಯ ಪದ್ಧತಿ ಇರಬೇಕು ಅಂದುಕೊಂಡಳು ದಾನಮ್ಮ. ಎರಡು ವರ್ಷ ಹಾಗೆಯೇ ಅಂದುಕೊಂಡಳು.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ, ಮೌನೇಶ ಗೊಬ್ಬರ ತರಲು ಹೋಗಿದ್ದಾಗ, ಕಂದಾಯ ವಸೂಲಿಗೆ ಪಿಳ್ಳಪ್ಪ ಎಂಬವನು ಬಂದ. ಹಣ ಇಸಿದುಕೊಂಡು ರಸೀದಿ ಬರೆದುಕೊಟ್ಟ. ದಾನಮ್ಮ ಎಂದಿನಂತೆ ಓದಿದಳು. 'ಮೌನೇಶ ಬಿನ್ ನೀಲಕಂಠಪ್ಪ' ಎಂದಿತ್ತು. ನೀಲಕಂಠಪ್ಪ ಅವಳ ಮಾವನ ಹೆಸರು.

"ಬಿನ್ ಅಂದ್ರ ಏನ್ರಿ?"

"ಅವರ ಮಗ ಅಂತ ತಾಯಿ."

"ಇದರಾಗ ಸಾಹೇಬ್ರ ಹೆಸರು ಇಲ್ಲಲ್ರೀ?"

ಪಿಳ್ಳಪ್ಪ ರಸೀದಿ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳನ್ನು ಒಂದು ಗಳಿಗೆ ನೋಡಿದ. "ಜಮೀನು ಯಾರದೋ ಅವರ ಹೆಸರಿಗೇ ತಾನೇ ಬರೆಯೋದು," ಅಂದು ಹೊರಟ.

ಮೌನೇಶ ಬಂದು ಗೊಬ್ಬರದ ಚೀಲ ಇಳಿಸುವವರೆಗೆ ಅವಳು ರಸೀದಿ ಹಿಡಿದು ಗೇಟಿನ ಹತ್ತಿರವೇ ಕೂತಿದ್ದಳು. ಅವನು ರಸೀದಿ ನೋಡಿದ, ಅವಳನ್ನು ನೋಡಿದ, ಚೀಲದ ಮೇಲೆಯೇ ಕೂತ.

ಆಗ ಎಲ್ಲ ಹೇಳಿದ. ಬೇಸಾಯದ ಮನೆತನವಲ್ಲದವರು, ವರಮಾನ ಹೆಚ್ಚಿರುವವರು ಇಲ್ಲಿ ಹೊಲ ಕೊಳ್ಳುವ ಹಾಗಿಲ್ಲವಂತೆ. ಅದಕ್ಕೇ ಊರಿನ ಉತಾರ ತರಿಸಿದ್ದು. ಈ ಕಡೆ ಅದಕ್ಕೆ ಪಹಣಿ ಅನ್ನುತ್ತಾರೆ. ದುಡ್ಡು ಸಾಹೇಬರದು, ಹೆಸರು ಇವನದು. ಆಫೀಸಿನಲ್ಲಿ ಬೈರಣ್ಣನಿಗೆ, ಇವರು ಉತ್ತರ ಕರ್ನಾಟಕದ ದೊಡ್ಡ ಜಮೀನ್ದಾರರ ಮಗ, ನನ್ನ ಪಾರ್ಟ್ನರ್ ಅಂತ ಪರಿಚಯ ಮಾಡಿಸಿದರಂತೆ. ಹೊಸ ಬಟ್ಟೆ ಅದಕ್ಕೆ. ಹೆಂಡತಿಗೂ ಹೇಳಬೇಡ ಅಂತ ಮಾತು ತೆಗೆದುಕೊಂಡಿದ್ದರಂತೆ.

ಗೌರಮ್ಮನ 'ನೀವು' ಯಾಕೆಂದು ದಾನಮ್ಮನಿಗೆ ಆಗ ಹೊಳೆಯಿತು. ಊರಿನವರ ಲೆಕ್ಕದಲ್ಲಿ ಇವರು ಸಾಹುಕಾರರು. ಸರ್ಕಾರದ ಕಣ್ಣಿಗೆ ಮಣ್ಣೆರಚಲು ಬನಿಯನ್ ತೊಟ್ಟು ಆಳಿನ ವೇಷ ಹಾಕಿದವರು.

"ಮತ್ತ ಏನೇನು ಸಹಿ ಹಾಕೀರಿ?"

"ಅವರು ಯಾವಾಗ ಬೇಕಾದ್ರೂ ಮಾರಿಕೊಳ್ಳಾಕ ಒಂದು ಮುಕ್ತ್ಯಾರಪತ್ರ. ಮ್ಯಾಲೆ ಖಾಲಿ ಸ್ಟಾಂಪ್ ಪೇಪರು."

"ಖಾಲಿ? ಎಷ್ಟು?"

"ಆರೋ ಏಳೋ."

"ಆರೋ, ಏಳೋ?"

"ಲಗೂ ಲಗೂ ಸಹಿ ಮಾಡಿಸಿದ್ರು ದಾನಿ. ಎಣಿಸಲಿಲ್ಲ."

ಅಂದಿನಿಂದ ದಾನಮ್ಮನ ಅನುಮಾನಕ್ಕೆ ಒಂದು ಗಟ್ಟಿ ನೆಲೆ ಸಿಕ್ಕಿತು. ಬದರಿನಾಥರು ಮಗಳ ಶಾಲೆಯ ಫೀಸು ಕಟ್ಟಿದರೆ, ಹಬ್ಬಕ್ಕೆ ಅವರ ಹೆಂಡತಿ ಸೀರೆ ತಂದರೆ, ಇದು ಯಾವುದರ ಬಾಬತ್ತು ಅಂತ ಯೋಚಿಸುತ್ತಿದ್ದಳು. ಹಾಗಂತ ಅವರು ಕೆಟ್ಟವರಲ್ಲ. ಅವಳಿಗೆ ಜ್ವರ ಬಂದಾಗ ತಾವೇ ಕಾರಿನಲ್ಲಿ ಡಾಕ್ಟರ ಹತ್ತಿರ ಕರೆದೊಯ್ದಿದ್ದರು. ಆ ಕಾರಿನ ಹಿಂದಿನ ಸೀಟಿನಲ್ಲಿ ನಡುಗುತ್ತ ಮಲಗಿದ್ದಾಗಲೂ ಅವಳ ತಲೆಯಲ್ಲಿ ಓಡುತ್ತಿದ್ದುದು ಒಂದೇ. ಖಾಲಿ ಕಾಗದದಲ್ಲಿ ಏನು ಬೇಕಾದರೂ ಬರೆಯಬಹುದು. ಸರ್ಕಾರದವರು ಹಿಡಿದರೆ ಜೈಲಿಗೆ ಹೋಗುವವನು ಹೆಸರಿದ್ದವನೇ.

ಗಂಡನ ಮೇಲೂ ಕಣ್ಣಿಟ್ಟಳು. ತನ್ನಿಂದ ಎರಡು ವರ್ಷ ಮುಚ್ಚಿಟ್ಟವನು ಇನ್ನೊಂದನ್ನು ಮುಚ್ಚಿಡಲಾರನೇ? ಅವನು ಸಂಜೆ ಗೇಟಿನ ಹತ್ತಿರ ಕೈ ಹಿಂದೆ ಕಟ್ಟಿ ನಿಂತರೆ, ಇವನು ಒಡೆಯನ ಹಾಗೆ ನಿಲ್ಲತೊಡಗಿದನೇ ಅಂತ ಒಳಗಿನಿಂದ ನೋಡುತ್ತಿದ್ದಳು. ಮೌನೇಶನಿಗೆ ಅದು ತಿಳಿಯುತ್ತಿತ್ತು. ಮಾತು ಕಡಿಮೆ ಮಾಡಿದ.

ಈ ನಡುವೆ ಸುತ್ತಲ ಹೊಲಗಳು ಒಂದೊಂದಾಗಿ ಹೋದವು. ಹೊಸ ರಸ್ತೆ ಬರುತ್ತದೆ ಎಂಬ ಸುದ್ದಿಗೆ ನೆಲದ ಬೆಲೆ ಹುಚ್ಚುಚ್ಚಾಗಿ ಏರಿತು. ಬದರಿನಾಥರು ಕೆಂಪು ಹೆಂಚಿನ ಮನೆ ಕಟ್ಟಿಸಿದರು. ಅಕ್ಕಪಕ್ಕದ ಫಾರ್ಮ್ ಹೌಸುಗಳಲ್ಲಿ ಈಜುಕೊಳ ಬಂದವು, ಗಾಜಿನ ಗೋಡೆ ಬಂದವು. ಆಮೇಲೆ ಬೇಲಿಗಳನ್ನೆಲ್ಲ ಒಟ್ಟು ಮಾಡಿ ವಿಲ್ಲಾ ಕಟ್ಟುವ ಕಂಪನಿಯೊಂದು ಬಂತು. ಕಂಪನಿಯ ಪರವಾಗಿ ಓಡಾಡುತ್ತಿದ್ದವನು ಬೋರಣ್ಣ, ಇದೇ ಊರಿನ ಬ್ರೋಕರ್. ಕಪ್ಪು ಬೈಕು, ಬಿಳಿ ಅಂಗಿ, ಜೇಬಿನಲ್ಲಿ ಎರಡು ಮೊಬೈಲು. ಅವನು ಬದರಿನಾಥರ ಹತ್ತಿರ ಹೋಗಲಿಲ್ಲ. ಮೌನೇಶನ ಹತ್ತಿರ ಬಂದ.

"ಅಣ್ಣಾ, ಪೇಪರಲ್ಲಿ ಓನರ್ ನೀವು. ಆಯಪ್ಪನ್ನ ಯಾಕೆ ಕೇಳ್ಬೇಕು?"

ದಾನಮ್ಮ ಮಜ್ಜಿಗೆ ಕೊಡುವ ನೆಪದಲ್ಲಿ ಬಾಗಿಲಲ್ಲೇ ನಿಂತಳು. ಮೌನೇಶ ಆಮೇಲೆ ನೋಡೋಣ ಅಂತ ಅವನನ್ನು ಸಾಗಹಾಕಿದ. ಆದರೆ ಆ ತಿಂಗಳಿಂದ ಮಧ್ಯಾಹ್ನ ಊಟವಾದ ಮೇಲೆ ಹೇಳದೆ ಕೇಳದೆ ಸೈಕಲ್ ಹತ್ತಿ ಹೋಗತೊಡಗಿದ. ಎಲ್ಲಿಗೆ ಅಂದರೆ ಇಲ್ಲೇ ಅನ್ನುವನು. ಒಂದು ದಿನ ಅವಳು ಸೋಪು ತರುವ ನೆಪ ಮಾಡಿ ಹಿಂದೆಯೇ ಹೋದಳು. ಕ್ರಾಸಿನ ಟೀ ಅಂಗಡಿಯ ಬೆಂಚಿನ ಮೇಲೆ ಮೌನೇಶ ಕೂತಿದ್ದ. ಪಕ್ಕದಲ್ಲಿ ಬೋರಣ್ಣ ಅವನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳುತ್ತಿದ್ದ.

ಅವಳು ಸೋಪು ತೆಗೆದುಕೊಳ್ಳದೆ ತಿರುಗಿ ಬಂದಳು. ರಾತ್ರಿ ಊಟಕ್ಕೆ ಬಡಿಸಿದಳು, ಒಂದು ಮಾತೂ ಕೇಳಲಿಲ್ಲ. ಅವನಾಗಿಯೇ ಹೇಳಲಿ ಅಂತ ಕಾದಳು. ಅವನು ಹೇಳಲಿಲ್ಲ.

ಅದಾಗಿ ನಾಲ್ಕು ತಿಂಗಳಿಗೆ, ಎರಡು ಸಾವಿರದ ಐದನೇ ಇಸವಿಯ ಶ್ರಾವಣದಲ್ಲಿ, ಹುಲ್ಲು ಕತ್ತರಿಸುವ ಯಂತ್ರ ನೂಕುತ್ತಿದ್ದ ಮೌನೇಶ ಮಾವಿನ ಗಿಡದ ಬುಡದಲ್ಲಿ ಕೂತ. ದಾನಮ್ಮ ಯಂತ್ರದ ಸದ್ದು ನಿಂತಿತಲ್ಲ ಅಂತ ಹೊರಗೆ ಬಂದಾಗ ಎದೆ ಹಿಡಿದುಕೊಂಡಿದ್ದ. ಆಟೋ ಸಿಕ್ಕಿ ಆಸ್ಪತ್ರೆ ಸೇರುವಷ್ಟರಲ್ಲಿ ಮುಗಿದಿತ್ತು. ನಲವತ್ತೆರಡು ವರ್ಷ. ದೇಹವನ್ನು ಊರಿಗೆ ಒಯ್ಯಲು ಗಾಡಿ ಮಾಡಿಸಿದ್ದು, ಖರ್ಚು ಕೊಟ್ಟಿದ್ದು, ಮಣ್ಣು ಮಾಡುವವರೆಗೆ ಅಷ್ಟು ದೂರ ಬಂದು ನಿಂತಿದ್ದು ಬದರಿನಾಥರೇ. ಕಣ್ಣು ಒರೆಸಿಕೊಳ್ಳುತ್ತಿದ್ದ ಅವರನ್ನು ನೋಡಿ, ಇವರು ಅಳುತ್ತಿರುವುದು ಯಾವುದಕ್ಕೆ ಎಂಬ ಪ್ರಶ್ನೆ ದಾನಮ್ಮನಲ್ಲಿ ಎದ್ದಿತು. ಗಂಡನ ಹೆಣದ ಮುಂದೆ ಇಂಥದ್ದು ತೋಚಿತಲ್ಲ ಅಂತ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಕಾರ್ಯ ಮುಗಿಸಿ ಮಗಳೊಂದಿಗೆ ವಾಪಸು ಬಂದ ಮಾರನೇ ದಿನವೇ ಬೋರಣ್ಣ ಬಂದ. ಬೈಕು ಹೊರಗೇ ನಿಲ್ಲಿಸಿ, ಚಪ್ಪಲಿ ಬಿಟ್ಟು, ಕೈ ಮುಗಿದ.

"ಅಕ್ಕಾ, ಹೇಳ್ಬಾರ್ದ ಟೈಮಲ್ಲಿ ಹೇಳ್ತಿದೀನಿ. ಸತ್ತೋರು ಕೊಟ್ಟ ಪವರ್ ಅವರ ಜೊತೆಗೇ ಹೋಯ್ತದೆ. ಆ ಸಾಹೇಬರ ಕೈಯಲ್ಲಿ ಈಗ ಏನೂ ಇಲ್ಲ. ಜಮೀನು ನಿಮ್ದು, ನಿಮ್ಮ ಮಗಳದ್ದು. ನಿಮ್ಮ ಯಜಮಾನ್ರೂ ನನ್ನ ಹತ್ರ ಒಪ್ಕೊಂಡಿದ್ರು, ಕೈಮೇಲೆ ಕೈ ಹಾಕಿದ್ರು."

"ಎಷ್ಟು ಸಿಗತೈತಿ ಅಂತ ಹೇಳಬ್ಯಾಡ್ರಿ," ಅಂದಳು ದಾನಮ್ಮ. "ಈಗ ಹೋಗ್ರಿ."

ಅವನು ಹೋದ. ಅವನ ಮಾತು ಹೋಗಲಿಲ್ಲ. ಎರಡು ದಿನ ಅವಳು ಆ ಎರಡು ಎಕರೆಯನ್ನು ತನ್ನದೆಂದೇ ನೋಡಿದಳು. ಕೆಂಪು ಹೆಂಚಿನ ಮನೆಯ ಸುತ್ತ ಒಂದು ಸುತ್ತು ಬಂದಳು. ಬೀಗ ಹಾಕಿದ ಬಾಗಿಲಿನ ಹಿತ್ತಾಳೆಯ ಹಿಡಿ ಮುಟ್ಟಿದಳು. ಗಂಡ ಒಪ್ಪಿಕೊಂಡಿದ್ದನಂತೆ. ಹಾಗಾದರೆ ತಾನು ಕಂಡದ್ದು ನಿಜವೇ. ತನಗೆ ಹೇಳದೆ ಸತ್ತ. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಮೂರನೇ ದಿನ ಬದರಿನಾಥರು ವಕೀಲರನ್ನು ಕರೆದುಕೊಂಡು ಬಂದರು. ಮಾವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿ, ಅವಳನ್ನೂ ಕೂರಿಸಿ, ಕಾಗದ ಮುಂದಿಟ್ಟರು.

"ಏನಿಲ್ಲಮ್ಮಾ, ಫಾರ್ಮಾಲಿಟಿ. ಮೌನೇಶ ಹಾಕಿದ್ದ ಸಹಿನೇ ನೀನೂ ಹಾಕಬೇಕು. ಅನ್ನಪೂರ್ಣನ ಓದು ಪೂರ್ತಿ ನನ್ನ ಜವಾಬ್ದಾರಿ."

ದಾನಮ್ಮ ಕಾಗದ ತೆಗೆದುಕೊಂಡು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದಳು. ವಕೀಲರು ಗಡಿಯಾರ ನೋಡಿಕೊಂಡರು. ಅವಳು ಅರ್ಥವಾಗದ ಪದ ಬಂದಲ್ಲಿ ನಿಲ್ಲಿಸಿ ಕೇಳಿದಳು, ಉತ್ತರ ಬಂದ ಮೇಲೆ ಮುಂದಿನ ಸಾಲಿಗೆ ಹೋದಳು. ನಾಲ್ಕನೇ ಹಾಳೆಯಲ್ಲಿ ಎರಡು ಕಡೆ ಜಾಗ ಖಾಲಿ ಬಿಟ್ಟಿದ್ದರು.

"ಇಲ್ಲಿ ಏನು ಬರೀತೀರಿ?"

"ಅದು ಆಮೇಲೆ ತುಂಬೋದು," ಅಂದರು ವಕೀಲರು.

"ತುಂಬಿದ ಮ್ಯಾಲೇ ತರ್ರಿ."

ಬದರಿನಾಥರ ಮುಖ ಕೆಂಪಾಯಿತು. "ಏಳು ವರ್ಷ ಆಯ್ತು ದಾನಮ್ಮ. ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ರಿ ಸಾರ್. ನಿಮಗ ನನ್ನ ಮ್ಯಾಲೆ ಐತೇನ್ರಿ?"

ಅವರು ವಕೀಲರ ಕಡೆ ನೋಡಿದರು.

"ಇದ್ದಿದ್ರ ಇಷ್ಟು ಲಗೂ ವಕೀಲರನ್ನ ಕರ್ಕೊಂಡು ಬರ್ತಿರಲಿಲ್ರಿ," ಅಂದಳು ಅವಳು. ಅವರು ಯೋಚನೆ ಮಾಡಿ ಹೇಳು ಅಂತ ಎದ್ದುಹೋದರು.

ಇಷ್ಟನ್ನೂ ಪಕ್ಕದ ಹೊಲದಲ್ಲಿ ಅಲಸಂದೆಕಾಯಿ ಬಿಡಿಸುತ್ತ ಗೌರಮ್ಮ ನೋಡುತ್ತಿದ್ದಳು. ಕಾರು ಮರೆಯಾದ ಮೇಲೆ ಬುಟ್ಟಿ ಎತ್ತಿಕೊಂಡು, ಏಳು ವರ್ಷದಲ್ಲಿ ಮೊದಲ ಸಲ ಗೇಟು ತಳ್ಳಿ ಒಳಗೆ ಬಂದಳು. ಕೋಣೆಯ ಮುಂದಿನ ಕಟ್ಟೆಯ ಮೇಲೆ ಕೂತಳು.

"ಒಂದು ಮಾತು ಕೇಳ್ತೀನಿ, ನಿಜ ಹೇಳು," ಅಂದಳು. 'ನೀವು' ಹೋಗಿತ್ತು. "ನೀನೂ ನಿನ್ನ ಗಂಡನೂ ನಿಜವಾಗ್ಲೂ ಆಳುಗಳೇನಾ?"

"ಏಳು ವರ್ಷದಿಂದ ಅದನ್ನ ಹೇಳಾಕತ್ತೀನಲ್ಲಕ್ಕಾ."

ಗೌರಮ್ಮ ಬುಟ್ಟಿಯಲ್ಲಿ ಕೈಯಾಡಿಸಿದಳು. "ಅಂಗಾರೆ ನಿನ್ನ ಗಂಡನೂ ನಿಜಾನೇ ಹೇಳಿದ್ದ. ನಾವೇ ನಾಟಕ ಅನ್ಕೊಂಡ್ವಿ."

"ಏನು ಹೇಳಿದ್ರು?"

"ಒಂದ್ ನಾಕ್ ಸಲ ಬಂದಿದ್ದ ನಮ್ಮೋರ ಹತ್ರ. ಮಧ್ಯಾಹ್ನದೊತ್ತು, ಸೈಕಲ್ ತುಳ್ಕಂಡು. ಬೈರಣ್ಣಾ, ಇದ್ರಿಂದ ನನ್ ಹೆಸ್ರು ತೆಗ್ಸೋದು ಎಂಗೆ, ನನ್ ಹೆಂಡ್ತಿ ನನ್ನನ್ನೇ ಕಳ್ಳನ್ ಥರ ನೋಡ್ತಾಳೆ ಅಂತಿದ್ದ. ಶಾನುಭೋಗರ ಹತ್ರನೂ ಹೋಗಿದ್ನಂತೆ. ಅವರು ಇವನ್ಗೇನೋ ತಲೆ ಕೆಟ್ಟದೆ ಅಂದ್ರಂತೆ. ಆ ಬೋರ ದಾರೀಲಿ ಅಡ್ಡ ಹಾಕಿ ಪೀಡಿಸ್ತಿದ್ನಂತೆ, ಮಾರು ಮಾರು ಅಂತ. ಆಗಲ್ಲ ಅಂದು ಅಂದು ಸಾಕಾಗದೆ ಅಂತಿದ್ದ."

ದಾನಮ್ಮ ಬುಟ್ಟಿಯಿಂದ ಒಂದು ಹಿಡಿ ಅಲಸಂದೆಕಾಯಿ ತೆಗೆದುಕೊಂಡು ಬಿಡಿಸತೊಡಗಿದಳು. ಕೈಗೆ ಕೆಲಸ ಬೇಕಾಗಿತ್ತು. ಮೌನೇಶ ಸತ್ತ ದಿನವೂ ಊರಿನಲ್ಲೂ ಬಾರದ ಅಳು ಆಗ ಬಂತು. ಗೌರಮ್ಮ ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಬುಟ್ಟಿ ಖಾಲಿಯಾಗುವವರೆಗೂ ಇಬ್ಬರೂ ಕಾಯಿ ಬಿಡಿಸಿದರು.

ಮರುದಿನ ದಾನಮ್ಮ ಕ್ರಾಸಿಗೆ ನಡೆದುಹೋಗಿ ಕಾಯಿನ್ ಬೂತಿನಿಂದ ಬದರಿನಾಥರಿಗೆ ಫೋನ್ ಮಾಡಿದಳು. ಬಂದ ಅವರಿಗೆ ನಿಂತುಕೊಂಡೇ ಹೇಳಿದಳು. ಜಮೀನು ನಿಮ್ಮ ದುಡ್ಡಿನದು, ಅದು ನನಗೆ ಬೇಡ. ಆದರೆ ನನ್ನ ಗಂಡ ಸಹಿ ಹಾಕಿದ ಖಾಲಿ ಕಾಗದ ಅಷ್ಟೂ ನನ್ನ ಕೈಗೆ ಬರಬೇಕು. ನಾವು ಇರುವ ಈ ಕೋಣೆ, ಸುತ್ತ ಮೂರು ಗುಂಟೆ ನೆಲ, ಏಳು ವರ್ಷ ನಿಮ್ಮ ಭಾರ ಹೊತ್ತ ಹೆಸರಿಗೆ ಉಳಿಯಬೇಕು. ಇನ್ನೊಬ್ಬ ವಾಚ್‌ಮನ್ನನ್ನು ಹುಡುಕಿ ಅವನ ಹೆಸರಿಗೆ ದಾಟಿಸುತ್ತೀರಾದರೆ ನಾನು ಸಹಿ ಹಾಕುವುದಿಲ್ಲ.

"ನನ್ನ ಹೆಸರಿಗೆ ಆಗಲ್ಲಮ್ಮಾ. ಆಗೋ ಹಾಗಿದ್ದಿದ್ರೆ ಇಷ್ಟೆಲ್ಲ ಯಾಕೆ?"

"ಹಂಗಾರ ಆಗುವಂಥವರಿಗೆ ಮಾರ್ರಿ."

"ಇಲ್ಲೇ ಕೊನೆಗಾಲ ಕಳೀಬೇಕು ಅಂತ ಮನೆ ಕಟ್ಟಿದ್ದು ನಾನು."

"ಅದು ನನಗ ಗೊತ್ತೈತ್ರಿ," ಅಂದಳು. ಅದೊಂದನ್ನು ಅವಳು ನಂಬಿದ್ದಳು.

ಅವರು ಬ್ಲ್ಯಾಕ್‌ಮೇಲ್ ಅಂತ ಏನೋ ಅಂದು ಹೊರಟುಹೋದರು. ಆ ತಿಂಗಳು ಸಂಬಳ ಬರಲಿಲ್ಲ. ಗೇಟಿಗೆ ಹೊಸ ಸೆಕ್ಯುರಿಟಿಯವನು ಬಂದು ಕೂತ. ಕೋಣೆಯ ಕರೆಂಟು ಹೋಯಿತು, ರಿಪೇರಿಗೆ ಯಾರೂ ಬರಲಿಲ್ಲ. ಗೌರಮ್ಮ ತನ್ನ ಮನೆಯಿಂದ ಸೀಮೆಎಣ್ಣೆ ಕಳಿಸಿದಳು. ದಾನಮ್ಮ ಪಕ್ಕದ ಫಾರ್ಮ್ ಹೌಸುಗಳಲ್ಲಿ ಪಾತ್ರೆ ತೊಳೆದು ಮಗಳನ್ನು ಸಾಕಿದಳು. ಬೋರಣ್ಣ ವಾರಕ್ಕೊಮ್ಮೆ ಬಂದು ಗೇಟಿನಾಚೆಯಿಂದ ಹಾರ್ನ್ ಮಾಡುತ್ತಿದ್ದ. ಅವಳು ಹೊರಗೆ ಬರುತ್ತಿರಲಿಲ್ಲ.

ಎರಡೂವರೆ ತಿಂಗಳಾದ ಮೇಲೆ ಬದರಿನಾಥರು ಒಬ್ಬರೇ ಬಂದರು. ಬಡವಾಗಿದ್ದರು. ಕಂದು ಲಕೋಟೆಯಿಂದ ಸ್ಟಾಂಪ್ ಪೇಪರುಗಳನ್ನು ತೆಗೆದು ಕಟ್ಟೆಯ ಮೇಲೆ ಇಟ್ಟರು. ಎಲ್ಲದರ ಕೆಳಗೂ ಮೌನೇಶನ ಸಹಿ, ದಪ್ಪ ಅಕ್ಷರ, ಕೊನೆಗೊಂದು ಚುಕ್ಕೆ. ದಾನಮ್ಮ ಎಣಿಸಿದಳು. ಆರು.

"ಇನ್ನೊಂದು?"

"ಇಷ್ಟೇ ಇದ್ದಿದ್ದು."

"ಏಳು ಅಂತಿದ್ರು ಅವರು."

"ಆರೇ, ದಾನಮ್ಮ. ನನ್ನ ಮಕ್ಕಳಾಣೆ."

ಅವಳು ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ಎದುರಿನವರು ಸುಳ್ಳು ಹೇಳುತ್ತಿದ್ದರೆ ತನಗೆ ತಿಳಿಯುತ್ತದೆ ಎಂಬ ಧೈರ್ಯ ಅವಳಿಗೆ ಯಾವಾಗಲೂ ಇತ್ತು. ಅವತ್ತು ತಿಳಿಯಲಿಲ್ಲ. ಆರೋ ಏಳೋ ಅಂದವನು ಮಣ್ಣಿನಲ್ಲಿದ್ದ. ಒಳಗೆ ಹೋಗಿ ಕಡ್ಡಿಪೆಟ್ಟಿಗೆ ತಂದು ಅವರ ಎದುರಿಗೇ ಆರನ್ನೂ ಸುಟ್ಟಳು.

ಮುಂದಿನದು ಆಫೀಸಿನಿಂದ ಆಫೀಸಿಗೆ ಅಲೆದಾಟ. ಖಾತೆ ಮೊದಲು ದಾನಮ್ಮ, ಅನ್ನಪೂರ್ಣರ ಹೆಸರಿಗೆ ಬಂತು. ಮೂರು ಗುಂಟೆ ಬಿಟ್ಟು ಉಳಿದದ್ದನ್ನು, ಕಟ್ಟಡದ ನೆಲವೆಂದು ಸರ್ಕಾರದಿಂದ ಪರಿವರ್ತನೆ ಮಾಡಿಸಿಕೊಳ್ಳಬಲ್ಲ ವಿಲ್ಲಾ ಕಂಪನಿಗೆ ಮಾರುವುದೆಂದಾಯಿತು. ಪ್ರತಿ ಕಾಗದವನ್ನೂ ಅವಳು ಓದಿಯೇ ಸಹಿ ಹಾಕಿದಳು. ಕ್ಯೂನಲ್ಲಿ ಹಿಂದಿದ್ದವರು ಗೊಣಗಿದರೂ ತಲೆ ಎತ್ತಲಿಲ್ಲ. ಹಣ ಅವಳ ಹೆಸರಿಗೇ ಬರಬೇಕಾಗಿತ್ತು, ಬೇರೆ ದಾರಿಯಿರಲಿಲ್ಲ. ಚೆಕ್ಕು ಜಯನಗರದ ಬ್ಯಾಂಕಿಗೆ ಬಿದ್ದು ಹಣ ಕೈಗೆ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಬದರಿನಾಥರು ಸಾಮಾನು ಕಟ್ಟುವ ನೆಪ ಹೇಳಿ ಕೆಂಪು ಹೆಂಚಿನ ಮನೆಯಲ್ಲೇ ಉಳಿದರು. ಅವರ ಕಿಟಕಿಯಿಂದ ಅವಳ ಬಾಗಿಲು ಕಾಣುತ್ತಿತ್ತು. ಬೆಳಿಗ್ಗೆ ಅವಳು ಚಹಾ ಮಾಡಿ ಕೊಂಡೊಯ್ದು ಅದೇ ಕಿಟಕಿಯ ಅಂಚಿನಲ್ಲಿ ಇಟ್ಟು ಬರುತ್ತಿದ್ದಳು. ಐದನೇ ದಿನ ಇಬ್ಬರೂ ಕಾರಿನಲ್ಲಿ ಬ್ಯಾಂಕಿಗೆ ಹೋದರು. ಅವಳು ಚೀಟಿ ತುಂಬಿ, ಎರಡು ಸಲ ಓದಿ, ಹಣವನ್ನೆಲ್ಲ ಅವರ ಖಾತೆಗೆ ದಾಟಿಸಿದಳು. ಬದರಿನಾಥರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಥ್ಯಾಂಕ್ಸ್ ಅನ್ನಲಿಲ್ಲ. ಅವಳೂ ನಿರೀಕ್ಷಿಸಿರಲಿಲ್ಲ.

ಕೆಂಪು ಹೆಂಚಿನ ಮನೆಯನ್ನು ಕಂಪನಿಯವರು ಒಂದೇ ದಿನದಲ್ಲಿ ಕೆಡವಿದರು. ಈಗ ಅಲ್ಲಿ ಮೂವತ್ತೆರಡು ವಿಲ್ಲಾಗಳಿವೆ. ಎತ್ತರದ ಕಾಂಪೌಂಡು ನೇರ ಬಂದು ದಾನಮ್ಮನ ಮೂರು ಗುಂಟೆಯ ಹತ್ತಿರ ಮೊಣಕೈ ಮಡಚಿದಂತೆ ಬಳಸಿಕೊಂಡು ಹೋಗುತ್ತದೆ. ಅವಳು ಅಲ್ಲಿ ಮೆಂತ್ಯ, ದಂಟು, ಕೊತ್ತಂಬರಿ ಬೆಳೆದು ವಿಲ್ಲಾದ ಹೆಂಗಸರಿಗೆ ಮಾರುತ್ತಾಳೆ. ಅವಳ ಕಾಗದಪತ್ರ ಸರಿಯಿದೆಯೇ ಅಂತ ವಿಲ್ಲಾದ ಸಂಘದವರು ಎರಡು ಸಲ ಕೇಳಿ ಹೋಗಿದ್ದಾರೆ. ಗೌರಮ್ಮ ಉಳಿದ ಎಕರೆಯನ್ನು ಸೈಟು ಮಾಡಿ, ಬಾಡಿಗೆಗೆ ಆರು ಮನೆ ಕಟ್ಟಿಸಿದ್ದಾಳೆ. ಸಂಜೆ ಬಂದು ಕಟ್ಟೆಯ ಮೇಲೆ ಕೂರುತ್ತಾಳೆ, ಚಹಾ ಕುಡಿಯುತ್ತಾಳೆ. ಬೇರೆಯವರ ಹತ್ತಿರ ಮಾತ್ರ, 'ಪೂರ್ತಿ ಯಾರು ಬಿಟ್ಕೊಡ್ತಾರೆ, ಎಲ್ಲೋ ಮಡಗಿರ್ತಾಳೆ' ಅನ್ನುತ್ತಾಳಂತೆ. ದಾನಮ್ಮನಿಗೆ ಅದು ಗೊತ್ತು.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ, ಅನ್ನಪೂರ್ಣ ಪಿಯುಸಿ ಪರೀಕ್ಷೆ ಬರೆದ ವಾರ, ಬದರಿನಾಥರು ಬಂದರು. ಕೈಯಲ್ಲಿ ಕೋಲಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಂಪೌಂಡಿನ ಮೇಲೆ ಕಾಣುವ ಸೋಲಾರ್ ತೊಟ್ಟಿಗಳನ್ನು ನೋಡಿದರು.

"ಆ ಬೋರಣ್ಣ ಎಷ್ಟು ಕೊಡ್ತೀನಿ ಅಂದಿದ್ದ? ಈಗಲಾದ್ರೂ ಹೇಳು."

"ಕೇಳಲಿಲ್ರಿ."

"ನಿಜ ಹೇಳಮ್ಮಾ. ಇನ್ನೇನಿದೆ?"

"ಖರೇನ ಕೇಳಲಿಲ್ರಿ. ಕೇಳಿದ್ರ ಮನಸ್ಸು ನಿಲ್ತಿರಲಿಲ್ಲ."

ಅವರು ತಲೆಯಾಡಿಸಿ ನಕ್ಕರು. ನಂಬಲಿಲ್ಲ ಅಂತ ಅವಳಿಗೆ ಕಾಣಿಸಿತು. ಚಹಾ ಕುಡಿದು, ಮೆಂತ್ಯದ ಎರಡು ಕಟ್ಟು ತೆಗೆದುಕೊಂಡು, ದುಡ್ಡು ಕೊಟ್ಟರು. ಅವಳು ಬೇಡ ಅನ್ನದೆ ಇಸಿದುಕೊಂಡಳು. ಕಾರಿನ ಬಾಗಿಲು ಹಿಡಿದು ನಿಂತು, ಆಗಾಗ ಬಂದು ಇಲ್ಲಿ ಕೂತು ಹೋಗಬಹುದಾ ಅಂತ ಕೇಳಿದರು.

ದಾನಮ್ಮ ಸ್ವಲ್ಪ ಯೋಚಿಸಿದಳು.

"ಬರ್ರಿ ಸಾರ್," ಅಂದಳು. "ಬರೂಕಿಂತ ಮೊದಲು ಒಂದು ಫೋನ್ ಮಾಡ್ರಿ."